ಎದೆಯ ಗೂಡಿನ ಗುಮ್ಮ

ರಾತ್ರಿ ಹಾಲು ಕುಡಿದು ನಗುನಗುತ್ತ ಮಲಗಿದ ಹಸುಗೂಸು ಬೆಳಗಾಗುವಷ್ಟರಲ್ಲಿ ತಣ್ಣಗಾಗಿಬಿಟ್ಟರೆ, ಕಾರಣವೇನೆಂದು ಹೆತ್ತವರು ಕೇಳದೆ ಇರಲಾರರು. ಮನೆಯ ಮುದುಕಿ ದೃಷ್ಟಿ ತಾಗಿತೆಂದಾಳು, ಬಾಲಗ್ರಹವೆಂದಾಳು. ವೈದ್ಯನಾದವನು ಹಾಗೆನ್ನಲಾರ. ಅವನಿಗೊಂದು ಹೆಸರು ಬೇಕು. ಅದು ಉದ್ದನೆಯ ಲ್ಯಾಟಿನ್ ಹೆಸರಾದರೆ ಇನ್ನೂ ಮೇಲು. ಪಾಶ್ಚಾತ್ಯ ವೈದ್ಯಶಾಸ್ತ್ರವು ಅಂಥದೊಂದು ಹೆಸರನ್ನು ಸೃಷ್ಟಿಸಿ, ಅರ್ಧ ಶತಮಾನಕ್ಕೂ ಮೀರಿ ಅದನ್ನು ನಂಬಿ, ಆ ನಂಬಿಕೆಯ ಬೆಲೆಯನ್ನು ಮಕ್ಕಳಿಂದ ತೆರಿಸಿದ ಕಥೆಯೊಂದುಂಟು.

ಎದೆಯೆಲುಬಿನ ಹಿಂದೆ, ಉಸಿರುಗೊಳವೆಯ ಮುಂದೆ, ಥೈಮಸ್ ಎಂಬ ಮೆತ್ತನೆಯ ಗ್ರಂಥಿಯಿದೆ. ಆಗ ಹುಟ್ಟಿದ ಮಗುವಿನಲ್ಲಿ ಅದರ ತೂಕ ಸುಮಾರು 10–15 ಗ್ರಾಂ. ಆ ಪುಟ್ಟ ಎದೆಗೆ ಅದು ದೊಡ್ಡದೇ ಸರಿ. ಪ್ರಾಯ ಬಂದಮೇಲೆ ಕುಗ್ಗುತ್ತ ಹೋಗಿ ಬಹುಮಟ್ಟಿಗೆ ಕೊಬ್ಬಾಗಿ ಮಾರ್ಪಡುತ್ತದೆ. ಅಕಸ್ಮಾತ್ತಾಗಿ ಸತ್ತ ಶಿಶುವಿನಲ್ಲಿ ಈ ಗ್ರಂಥಿ ಹಿಗ್ಗಿತ್ತೆಂದು 1614ರಷ್ಟು ಹಿಂದೆಯೇ ಬಾಸೆಲ್ ನಗರದ ಫೆಲಿಕ್ಸ್ ಪ್ಲಾಟರ್ ಬರೆದಿದ್ದರು. 1830ರಲ್ಲಿ ಜರ್ಮನಿಯ ಕಾಪ್ ‘ಥೈಮಸ್ ಉಬ್ಬಸ’ವೆಂದು ಹೆಸರಿಟ್ಟರು. ಆದರೆ ಗ್ರಂಥಿ ಉಸಿರುಗೊಳವೆಯನ್ನು ಅದುಮಿದ ಗುರುತು ಅನೇಕ ಶವಗಳಲ್ಲಿ ಕಾಣದು. ಈ ತೊಡಕನ್ನು 1889ರಲ್ಲಿ ವಿಯೆನ್ನದ ಪಾಲ್ಟಾಫ್ ಬಿಡಿಸಿದರು: ಅದುಮಬೇಕಾದುದೇ ಇಲ್ಲ, ದೊಡ್ಡ ಥೈಮಸ್ ಇರುವವರ ದೇಹಪ್ರಕೃತಿಯೇ ದುರ್ಬಲ, ಅವರ ಪ್ರಾಣ ಅಲ್ಪ ಕಾರಣಕ್ಕೂ ಹಾರಿಹೋಗುತ್ತದೆ. ಅದಕ್ಕೆ ‘ಸ್ಟೇಟಸ್ ಥೈಮಿಕೋಲಿಂಫಾಟಿಕಸ್’ ಎಂಬ ಹೆಸರು ನಿಂತಿತು. ಗುರುತು ಸಿಕ್ಕರೂ ರೋಗ, ಸಿಗದಿದ್ದರೂ ರೋಗ! ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕ್ಲೋರೋಫಾರಂ ಕೊಟ್ಟಾಗ ಮಗು ಸತ್ತರೆ, ಔಷಧದ ಮೇಲೂ ಕೊಟ್ಟವರ ಮೇಲೂ ತಪ್ಪು ಹೊರಿಸಬೇಕಾಗಿರಲಿಲ್ಲ. ಹೊರಲು ಥೈಮಸ್ ಇತ್ತು.

ಗ್ರಂಥಿ ‘ದೊಡ್ಡದು’ ಎಂದರೆ ಯಾವುದಕ್ಕಿಂತ ದೊಡ್ಡದು? ಕಥೆಯ ಗಂಟು ಇರುವುದೇ ಇಲ್ಲಿ. ಅಂಗರಚನಾಶಾಸ್ತ್ರವನ್ನು ಕಲಿಯಲು ಹೆಣ ಬೇಕು, ಶ್ರೀಮಂತನ ಹೆಣ ಸಿಗದು. ಬ್ರಿಟನ್ನಿನಲ್ಲಿ ಹೊಸ ಗೋರಿಗಳನ್ನು ಅಗೆದು ಶವ ಮಾರುವುದು ಒಂದು ಕಸಬೇ ಆಗಿದ್ದಿತು. 1828ರಲ್ಲಿ ಎಡಿನ್‌ಬರೋ ನಗರದ ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಅಗೆಯುವ ಶ್ರಮವೂ ಬೇಡವೆಂದು ಹದಿನಾರು ಜನರನ್ನು ಕೊಂದೇ ಮಾರಿದ್ದು ಬಯಲಿಗೆ ಬಂದಿತು. ಆ ಬಳಿಕ 1832ರಲ್ಲಿ ಶಾಸನವಾಯಿತು. ಬಡವರ ಆಶ್ರಯಗೃಹಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸತ್ತು, ಕೇಳುವವರಿಲ್ಲದೆ ಉಳಿದ ದೇಹಗಳು ವೈದ್ಯಶಾಲೆಗಳ ಪಾಲಾದವು. ಬದುಕಿದ್ದಾಗ ಹೊಟ್ಟೆಗೆ ಸಿಗದವನು ಸತ್ತಮೇಲೆ ವಿದ್ಯಾರ್ಥಿಗಳ ಮುಂದೆ ಮನುಷ್ಯದೇಹದ ಮಾದರಿಯಾದನು! ಮಕ್ಕಳ ಶವಗಳೂ ಹೆಚ್ಚಾಗಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕ್ಷಯದಿಂದಲೋ ಭೇದಿಯಿಂದಲೋ ಸೊರಗಿ ಸತ್ತವರವು.

ಹಸಿವು, ಜ್ವರ, ದೀರ್ಘ ವ್ಯಥೆ ಯಾವುದೇ ಇರಲಿ, ದೇಹ ಬಳಲಿದಾಗ ಮೊದಲು ಕುಗ್ಗುವ ಅಂಗಗಳಲ್ಲಿ ಥೈಮಸ್ ಒಂದು. ಬಳಲಿಕೆಗೂ ಈ ಗ್ರಂಥಿಗೂ ಇರುವ ನಂಟನ್ನು 1936ರಲ್ಲಿ ಹಾನ್ಸ್ ಸೆಲ್ಯೆ ಇಲಿಗಳಲ್ಲಿ ತೋರಿಸಿದರು. ಅಂದಮೇಲೆ ಪಂಡಿತರು ಸಹಜವೆಂದು ತೂಗಿ ಬರೆದಿಟ್ಟ ಥೈಮಸ್ಸು ಬಡತನ ತಿಂದು ಉಳಿಸಿದ ಥೈಮಸ್ಸು. ನಿನ್ನೆಯವರೆಗೆ ಗುಂಡುಗುಂಡಾಗಿದ್ದ ಮಗು ಒಮ್ಮೆಲೇ ಸತ್ತರೆ ಅದರ ಎದೆಯಲ್ಲಿ ಕಾಣುವುದು ಕುಗ್ಗದ, ಆರೋಗ್ಯವಂತ ಗ್ರಂಥಿ. ಪುಸ್ತಕದ ಅಳತೆಯ ಪಕ್ಕದಲ್ಲಿಟ್ಟಾಗ ಅದು ರಾಕ್ಷಸಾಕಾರವಾಗಿ ಕಂಡಿತು.

ಇಷ್ಟಕ್ಕೇ ನಿಂತಿದ್ದರೆ ಪಂಡಿತರ ಭ್ರಮೆಯೆಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ 1907ರಲ್ಲಿ ಅಮೆರಿಕದ ಸಿನ್ಸಿನಾಟಿಯ ಫ್ರೀಡ್‌ಲ್ಯಾಂಡರ್ ಎಂಬ ವೈದ್ಯರು ಎಕ್ಸ್‌ರೇ ಹಾಯಿಸಿ ಶಿಶುವಿನ ಥೈಮಸ್ಸನ್ನು ಕುಗ್ಗಿಸಿದರು. ಕುಗ್ಗಿದ್ದೇನೋ ನಿಜ! ಮಗುವಿನ ಉಸಿರಾಟ ಸುಧಾರಿಸಿತು. ಚಿಕಿತ್ಸೆ ಫಲಿಸಿತೆಂದು ಎಲ್ಲರಿಗೂ ಸಂತೋಷ. ಮುಂದೆ ಉಸಿರಿನ ತೊಂದರೆಯಿರಲಿ ಇಲ್ಲದಿರಲಿ, ಎಕ್ಸ್‌ರೇ ಚಿತ್ರದಲ್ಲಿ ನೆರಳು ಅಗಲವಾಗಿ ಕಂಡ ಶಿಶುಗಳಿಗೂ ಮುನ್ನೆಚ್ಚರಿಕೆಯೆಂದು ಕಿರಣ ಕೊಡಲಾಯಿತು. ಮಡಿಲಲ್ಲಿ ಆಡುತ್ತಿರುವ ಕೂಸನ್ನು ತೋರಿಸಿ ‘ಇದು ಯಾವ ಗಳಿಗೆಯಲ್ಲಾದರೂ ಸತ್ತೀತು’ ಎಂದು ಬಲ್ಲವರು ಹೇಳಿದರೆ ಯಾವ ತಾಯಿ ಬೇಡವೆಂದಾಳು?

ಸಂಶಯಪಟ್ಟವರು ಇರಲಿಲ್ಲವೆಂದಲ್ಲ. ಸ್ವೀಡನ್ನಿನ ಹಮ್ಮರ್ ಅಪಘಾತದಲ್ಲಿ ಸತ್ತ ಆರೋಗ್ಯವಂತರ ಗ್ರಂಥಿಗಳನ್ನೂ ತೂಗಿ, ಸಹಜವಾದ ಅಳತೆ ಪುಸ್ತಕದ್ದಕ್ಕಿಂತ ಬಹಳ ಹೆಚ್ಚೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಬ್ರಿಟನ್ನಿನಲ್ಲಿ 1926ರಲ್ಲಿ ನೇಮಕಗೊಂಡ ಸಮಿತಿಯೊಂದು ನೂರಾರು ಶವಪರೀಕ್ಷೆಗಳನ್ನು ವಿಚಾರಿಸಿತು. ಇಂಥದೊಂದು ರೋಗವಿದೆಯೆನ್ನುವುದಕ್ಕೆ ಆಧಾರವಿಲ್ಲವೆಂದು ಅದರ ವರದಿ 1931ರಲ್ಲಿ ಹೊರಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು; ಮುಗಿಯಲಿಲ್ಲ. ರೋಗಕ್ಕೆ ಹೆಸರಿಡುವುದು ಸುಲಭ, ಇಟ್ಟ ಹೆಸರನ್ನು ಅಳಿಸುವುದು ದುಸ್ತರ. ಅಮೆರಿಕದ ರಾಚೆಸ್ಟರ್ ಪ್ರದೇಶವೊಂದರಲ್ಲಿಯೇ 1926ರಿಂದ 1957ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಶಿಶುಗಳು ಈ ಚಿಕಿತ್ಸೆಗೊಳಗಾದವು.

ಥೈಮಸ್ಸಿನ ಮೇಲುಗಡೆ, ಕೊರಳಲ್ಲಿ, ಥೈರಾಯಿಡ್ ಗ್ರಂಥಿಯಿದೆ. ಕಿರಣಕ್ಕೆ ಇದು ತನ್ನದು, ಅದು ಪರರದು ಎಂಬ ಭೇದವಿಲ್ಲ. 1950ರಲ್ಲಿ ನ್ಯೂಯಾರ್ಕಿನ ಡಫಿ ಮತ್ತು ಫಿಟ್ಜ್‌ಜೆರಾಲ್ಡ್ ಥೈರಾಯಿಡ್ ಕ್ಯಾನ್ಸರ್ ತಗುಲಿದ 28 ಮಕ್ಕಳ ಮತ್ತು ತರುಣರ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಶೈಶವದಲ್ಲಿ ಥೈಮಸ್ಸಿಗೆ ಕಿರಣ ಕೊಡಿಸಿಕೊಂಡವರು! ರಾಚೆಸ್ಟರಿನ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿ ನೋಡಿದಾಗ, ಥೈರಾಯಿಡ್ ಕ್ಯಾನ್ಸರ್ ಅವರಲ್ಲಿ ಕಿರಣ ತಾಗದ ಒಡಹುಟ್ಟಿದವರಿಗಿಂತ ಬಹಳ ಹೆಚ್ಚಾಗಿತ್ತು. ಹೆಣ್ಣುಮಕ್ಕಳಿಗೆ ಸ್ತನದ ಕ್ಯಾನ್ಸರೂ ಹೆಚ್ಚಾಗಿ ಬಂದಿತು.

ಅಷ್ಟು ಭಯಕ್ಕೆ ಕಾರಣವಾದ ಆ ಗ್ರಂಥಿಯ ಕೆಲಸವೇನೆಂಬುದು ಹೊರಬಿದ್ದದ್ದು 1961ರಲ್ಲಿ. ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ಮೂವತ್ತರ ತರುಣ ವಿಜ್ಞಾನಿ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ಸನ್ನು ಕತ್ತರಿಸಿ ತೆಗೆದರು. ಮರಿಗಳು ಮೊದಮೊದಲು ಚೆನ್ನಾಗಿಯೇ ಇದ್ದು, ಬರಬರುತ್ತ ಸೊರಗಿ, ಸೋಂಕು ತಗುಲಿ ಸತ್ತವು. ಪರಕೀಯ ಚರ್ಮವನ್ನು ಅಂಟಿಸಿದರೆ ಅದನ್ನು ತಳ್ಳುವ ಶಕ್ತಿಯೂ ಅವಕ್ಕಿರಲಿಲ್ಲ. ಹಗೆಯನ್ನು ಗುರುತಿಸಿ ಕಾದುವ ಬಿಳಿ ರಕ್ತಕಣಗಳಿಗೆ ಥೈಮಸ್ಸೇ ಗರಡಿಮನೆ. ಇಂದು ಎಲ್ಲ ಪಠ್ಯಗಳಲ್ಲಿಯೂ ಬರುವ ‘ಟಿ’ ಕಣವೆಂಬ ಹೆಸರಿನ ‘ಟಿ’ ಅಕ್ಷರವು ಥೈಮಸ್ಸಿನದೇ.

ಮಲಗಿದಲ್ಲೇ ಶಿಶುಗಳು ಸಾಯುವುದು ಮಾತ್ರ ನಿಲ್ಲಲಿಲ್ಲ. ಕೂಸನ್ನು ಬೋರಲು ಮಲಗಿಸಬಾರದೆಂಬ ತಿಳಿವಳಿಕೆ 1990ರ ದಶಕದಲ್ಲಿ ಹರಡಿದಮೇಲೆ ಅನೇಕ ದೇಶಗಳಲ್ಲಿ ಅಂಥ ಸಾವು ಗಣನೀಯವಾಗಿ ಇಳಿಯಿತು. ನಮ್ಮ ತಾಯಂದಿರು ತೊಟ್ಟಿಲಲ್ಲಿ ಅಂಗಾತ ಮಲಗಿಸುವುದಕ್ಕೆ ಯಾವ ಲ್ಯಾಟಿನ್ ಹೆಸರೂ ಬೇಕಾಗಿರಲಿಲ್ಲ.

1970ರ ದಶಕದಲ್ಲಿ ಅಮೆರಿಕದ ಕೆಲವು ಆಸ್ಪತ್ರೆಗಳು ಹಳೆಯ ಕಡತಗಳ ಧೂಳು ಕೊಡವಿ, ಚಿಕ್ಕಂದಿನಲ್ಲಿ ತಲೆಗೂ ಕೊರಳಿಗೂ ಎದೆಗೂ ಕಿರಣ ಹಾಯಿಸಿಕೊಂಡವರ ಹೆಸರುಗಳನ್ನು ಹುಡುಕಿ ತೆಗೆದವು. ಅಷ್ಟು ಹೊತ್ತಿಗೆ ಅವರಲ್ಲನೇಕರು ಮಕ್ಕಳೊಂದಿಗರಾಗಿದ್ದರು. ಕೊರಳನ್ನು ಪರೀಕ್ಷೆ ಮಾಡಿಸಿಕೊಳ್ಳಲು ಬರಬೇಕೆಂದು ಅವರಿಗೆ ಕಾಗದಗಳು ಹೋದವು.