ಗೊಂಬೆಯ ಬಾಯಿಗೆ ಕನ್ನಡ ಬಾರದೇಕೆ?

ಮಕ್ಕಳ ಸಿನಿಮಾದ ವಿಚಾರವನ್ನು ದುಡಿಯುವವರ ಪತ್ರಿಕೆಯಲ್ಲಿ ಏಕೆ ಎತ್ತಬೇಕು ಎಂದು ಕೇಳುವವರುಂಟು. ಗಣಿಯ ಧೂಳು, ಕೂಲಿಯ ದರ, ಮುಚ್ಚಿದ ಕಾರ್ಖಾನೆಗಳ ಬಾಕಿ, ಸಣ್ಣ ಅಂಗಡಿಯವನ ಸಾಲ ಇವೆಲ್ಲ ಇರುವಾಗ ಬಣ್ಣದ ಬೊಂಬೆಗಳ ಗೊಡವೆ ನಮಗೇಕೆ ಎನ್ನುವುದು ಅವರ ಮಾತು. ಅದಕ್ಕೆ ನಮ್ಮ ಉತ್ತರ ಇಷ್ಟೆ. ಕೂಲಿಕಾರನ ಮಗುವಿಗೆ ಅನ್ನ ಎಷ್ಟು ಅವಶ್ಯವೋ ಕಥೆಯೂ ಅಷ್ಟೇ ಅವಶ್ಯ. ಆ ಕಥೆಯನ್ನು ಯಾರು ಹೇಳುತ್ತಾರೆ, ಯಾವ ಭಾಷೆಯಲ್ಲಿ ಹೇಳುತ್ತಾರೆ, ಎಷ್ಟು ದುಡ್ಡು ಕೀಳುತ್ತಾರೆ ಎಂಬುದು ಕೂಲಿಯ ಪ್ರಶ್ನೆಯಷ್ಟೇ ರಾಜಕೀಯದ ಪ್ರಶ್ನೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಮೆರಿಕದ ಡಿಸ್ನಿ ಕಂಪನಿಯವರು 2013ರಲ್ಲಿ ‘ಫ್ರೋಜನ್’ ಎಂಬ ಚಿತ್ರ ತೆಗೆದರು. ಮುಟ್ಟಿದ್ದನ್ನೆಲ್ಲ ಹಿಮ ಮಾಡುವ ಎಲ್ಸಾ, ಅವಳ ತಂಗಿ ಆನಾ, ಇವರಿಬ್ಬರ ಕಥೆ. ಅದರ ಎರಡನೆಯ ಭಾಗ 2019ರ ನವೆಂಬರಿನಲ್ಲಿ ಬಂತು. ಜಗತ್ತಿನಾದ್ಯಂತ ಸುಮಾರು 145 ಕೋಟಿ ಡಾಲರ್ ಗಳಿಸಿತು. ಎಲ್ಸಾಳ ಮುಖ ನಮ್ಮ ಪೇಟೆಗಳಿಗೂ ಬಂದಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ಚೀಲ, ನೀರಿನ ಬಾಟಲಿ, ಕಂಪಾಸು ಡಬ್ಬಿ ಮಾರುವ ಅಂಗಡಿಯವರನ್ನು ಕೇಳಿರಿ. ನೀಲಿ ಅಂಗಿಯ ಆ ಹುಡುಗಿಯ ಚಿತ್ರವಿದ್ದ ಚೀಲವನ್ನೇ ಹೆಣ್ಣುಮಕ್ಕಳು ಹಠ ಹಿಡಿದು ಕೊಳ್ಳುವುದನ್ನು ಅವರು ಬಲ್ಲರು. ಚೀಲ ಮಾರುವುದಕ್ಕೆ ಭಾಷೆ ಬೇಕಾಗಿಲ್ಲ. ಕಥೆ ಹೇಳುವುದಕ್ಕೆ ಬೇಕು.

ಈ ಎರಡನೆಯ ಭಾಗದ ಬಗ್ಗೆ ನೋಡಿದವರ ಅಭಿಪ್ರಾಯಗಳು ಹಲವು. ಮೊದಲನೆಯ ಭಾಗದ ಹಾಡುಗಳು ಬಾಯಲ್ಲಿ ನಿಂತ ಹಾಗೆ ಎರಡನೆಯದರವು ನಿಲ್ಲಲಿಲ್ಲವೆಂದು ಕೆಲವರು. ಕಥೆ ಗೋಜಲಾಯಿತೆಂದು ಇನ್ನು ಕೆಲವರು. ನೀರು, ಗಾಳಿ, ಕಾಡು ಇವನ್ನು ತೋರಿಸಿದ ಬಗೆ ಮೊದಲಿಗಿಂತ ಚೆನ್ನೆಂದು ಮತ್ತೆ ಕೆಲವರು. ಗೆದ್ದ ಕುದುರೆಯ ಮೇಲೆ ಮತ್ತೆ ಜೂಜು ಕಟ್ಟುವುದೇ ಈ ಎರಡನೆಯ ಭಾಗಗಳ ಮರ್ಮ ಎಂಬ ಮಾತೂ ಉಂಟು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಬಂಡವಾಳಕ್ಕೆ ಹೊಸ ಕಥೆಯೆಂದರೆ ಭಯ, ಹಳೆಯ ಲಾಭವೆಂದರೆ ಪ್ರೀತಿ. ಆದರೆ ಇಷ್ಟೆಲ್ಲ ಅಭಿಪ್ರಾಯಗಳ ನಡುವೆ ಒಂದು ಅಭಿಪ್ರಾಯ ಮಾತ್ರ ಎಲ್ಲಿಯೂ ಕೇಳಿಬರಲಿಲ್ಲ. ಅದು ನಮ್ಮ ಕಡೆಯ ಮಕ್ಕಳದು.

ಕೇಳಿಬಂದಿದ್ದರೆ ಅದು ಕೇಳತಕ್ಕ ಅಭಿಪ್ರಾಯವೇ ಆಗುತ್ತಿತ್ತು. ಏಕೆಂದರೆ ಆ ಚಿತ್ರದ ಕಥೆ ನಿಂತಿರುವುದು ಒಂದು ಅಣೆಕಟ್ಟಿನ ಮೇಲೆ. ಈ ಅಕ್ಕತಂಗಿಯರ ಅಜ್ಜನಾದ ಅರಸನು ಕಾಡಿನ ಜನರಿಗೆ ಸ್ನೇಹದ ಕಾಣಿಕೆಯೆಂದು ಒಂದು ಅಣೆಕಟ್ಟು ಕಟ್ಟಿಸಿಕೊಡುತ್ತಾನೆ. ಅದು ಕಾಣಿಕೆಯಲ್ಲ, ಆ ಜನರ ನೆಲದ ಬಲ ಕುಂದಿಸುವುದಕ್ಕೆ ಹೂಡಿದ ಹೂಟ ಎಂಬುದು ಮೊಮ್ಮಕ್ಕಳಿಗೆ ಕಡೆಗೆ ತಿಳಿಯುತ್ತದೆ. ಅಜ್ಜನ ಅನ್ಯಾಯವನ್ನು ಸರಿಪಡಿಸಲು ತಮ್ಮ ಊರೇ ಕೊಚ್ಚಿಹೋದೀತೆಂಬ ಭಯವಿದ್ದರೂ ಆನಾ ಆ ಕಟ್ಟೆಯನ್ನು ಒಡೆಸುತ್ತಾಳೆ. ದೊಡ್ಡವರು ಕಟ್ಟಿದ್ದೆಲ್ಲ ಧರ್ಮವಲ್ಲ, ಅದರ ಲೆಕ್ಕ ಕೇಳುವ ಹಕ್ಕು ಮಕ್ಕಳಿಗೆ ಉಂಟು ಎಂಬುದು ಅದರ ಸಾರ.

ಈ ಕಥೆಯನ್ನು ಹೊಸಪೇಟೆಯ ಮಗುವಿಗಿಂತ ಚೆನ್ನಾಗಿ ಅರಿಯಬಲ್ಲ ಮಗು ಯಾವುದು? ತುಂಗಭದ್ರೆಗೆ ಕಟ್ಟೆ ಕಟ್ಟಿ 1953ರಲ್ಲಿ ನೀರು ನಿಲ್ಲಿಸಿದಾಗ ಹಳ್ಳಿಗಳ ಸಾಲೇ ಮುಳುಗಿತು. ನಾರಾಯಣದೇವರಕೆರೆ ನೀರಿನಡಿ ಹೋಯಿತು; ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆನಿಂತರು. ನಮ್ಮ ಅಣೆಕಟ್ಟು ಮೋಸದ ಕಾಣಿಕೆಯೆಂದು ನಾವು ಹೇಳುತ್ತಿಲ್ಲ. ಅದರ ನೀರು ಕಂಪ್ಲಿಯ ಗದ್ದೆಗಳನ್ನು ಹಸಿರು ಮಾಡಿದೆ, ರಾಯಚೂರಿನ ಒಣಭೂಮಿಗೆ ಹರಿದಿದೆ, ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಅನ್ನ ಉಂಡವರು ಯಾರು, ಊರು ಬಿಟ್ಟವರು ಯಾರು ಎಂಬ ಲೆಕ್ಕ ಬೇರೆಯೇ ಇದೆ. ಆ ಚಿತ್ರವನ್ನು ತನ್ನ ಭಾಷೆಯಲ್ಲಿ ನೋಡಿದ ಮರಿಯಮ್ಮನಹಳ್ಳಿಯ ಹುಡುಗಿ ಮನೆಗೆ ಬಂದು, “ಅಜ್ಜೀ, ನಿಮ್ಮೂರು ಎಲ್ಲಿತ್ತು? ಯಾರು ಮುಳುಗಿಸಿದರು? ಏನು ಕೊಟ್ಟರು?” ಎಂದು ಕೇಳಿಯಾಳು. ಸಿನಿಮಾ ಮಗುವಿಗೆ ಕೊಡಬಹುದಾದ ದೊಡ್ಡ ಲಾಭ ಇಂಥ ಒಂದು ಪ್ರಶ್ನೆ. ನಮ್ಮ ಮಕ್ಕಳಿಗೆ ತಪ್ಪಿಹೋದದ್ದು ಅದೇ.

ತಪ್ಪಿದ್ದು ಹೇಗೆ? ಆ ಚಿತ್ರ ಭಾರತದ ಚಿತ್ರಮಂದಿರಗಳಿಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ತೆಲುಗಿನ ಎಲ್ಸಾಳಿಗೆ ದನಿ ಕೊಟ್ಟವರು ನಿತ್ಯಾ ಮೆನನ್. ಬೆಂಗಳೂರಿನಲ್ಲಿ ಬೆಳೆದು, ಕನ್ನಡ ಚಿತ್ರಗಳಲ್ಲಿ ನಟಿಸಿದ ಕಲಾವಿದೆ. ಕನ್ನಡ ಬಲ್ಲ ಕಂಠ ಇತ್ತು, ಕನ್ನಡ ಕೇಳುವ ಕಿವಿಗಳಿದ್ದವು, ನಡುವೆ ಕನ್ನಡ ಮಾತ್ರ ಇರಲಿಲ್ಲ. ಅದೊಂದೇ ಅಲ್ಲ. 2024ರ ಡಿಸೆಂಬರಿನಲ್ಲಿ ಬಂದ ಸಿಂಹದ ಕಥೆ ‘ಮುಫಾಸಾ’ವೂ ಹಾಗೆಯೇ ಹಿಂದಿ, ತಮಿಳು, ತೆಲುಗು ಆಡಿತು, ಕನ್ನಡ ಆಡಲಿಲ್ಲ.

“ನಮ್ಮ ಬಳ್ಳಾರಿ ಕಡೆಯವರಿಗೆ ತೆಲುಗು ಬರುತ್ತದಲ್ಲ, ಅದನ್ನೇ ನೋಡಲಿ” ಎನ್ನುವವರಿದ್ದಾರೆ. ನಮಗೆ ತೆಲುಗು ವೈರಿಯಲ್ಲ. ನಮ್ಮ ಸಂತೆಯಲ್ಲಿ, ಕ್ಯಾಂಪುಗಳಲ್ಲಿ, ಗದ್ದೆಗಳಲ್ಲಿ ಅದು ನೆರೆಮನೆಯ ಮಾತು. ಆದರೆ 1953ರ ಅಕ್ಟೋಬರ್ 1ರಂದು ಈ ಸೀಮೆ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ್ದು ಯಾವ ನ್ಯಾಯದ ಮೇಲೆ? ಇಲ್ಲಿನ ಜನ ಕನ್ನಡಿಗರು ಎಂಬ ನ್ಯಾಯದ ಮೇಲೆ. ದೊಡ್ಡವರಿಗೆ ಒಪ್ಪಿದ ಆ ನ್ಯಾಯ ಐದು ವರ್ಷದ ಮಗುವಿಗೆ ಏಕೆ ಒಪ್ಪುವುದಿಲ್ಲ? ಓದು ಬಾರದ ಮಗು ತೆರೆಯ ಕೆಳಗಿನ ಅಕ್ಷರ ಓದಲಾರದು. ಅದಕ್ಕೆ ಕಿವಿಯೊಂದೇ ದಾರಿ.

ಇನ್ನು “ಕನ್ನಡಕ್ಕೆ ಮಾರುಕಟ್ಟೆ ಸಾಲದು” ಎಂಬ ವ್ಯಾಪಾರಿ ವಾದ. ಇದನ್ನು ಸ್ವಲ್ಪ ತಕ್ಕಡಿಗೆ ಹಾಕಿ ನೋಡೋಣ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಅದೇ ‘ಫ್ರೋಜನ್’ ಎರಡನೆಯ ಭಾಗ ಉತ್ತರ ಸಾಮಿ ಎಂಬ ಭಾಷೆಯಲ್ಲಿ ಬಂದಿದೆ. ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರ ತುದಿಯ ಆ ಭಾಷೆಯನ್ನು ಆಡುವವರು ಇಪ್ಪತ್ತು ಸಾವಿರದ ಆಸುಪಾಸು. ನಮ್ಮಲ್ಲಿ ಒಂದೆರಡು ದೊಡ್ಡ ಹಳ್ಳಿಗಳ ಜನ! ಅವರಿಗೆ ಸಿಕ್ಕಿದ್ದು ಹೇಗೆ? ಮೊದಲನೆಯ ಭಾಗದಲ್ಲಿ ತಮ್ಮ ಹಾಡಿನ ಧಾಟಿ, ಉಡುಗೆಗಳನ್ನು ಕೇಳದೆ ಬಳಸಿದಿರಿ ಎಂದು ಸಾಮಿ ಜನರಿಂದ ಆಕ್ಷೇಪ ಬಂದಿತ್ತು. ಎರಡನೆಯ ಭಾಗದ ಹೊತ್ತಿಗೆ ಅವರ ಪ್ರತಿನಿಧಿ ಸಭೆಗಳು ಒಟ್ಟಾಗಿ ನಿಂತು ಕಂಪನಿಯೊಡನೆ ಕರಾರು ಮಾಡಿಕೊಂಡವು: ನಮ್ಮನ್ನು ಕೇಳಿ ಮಾಡಬೇಕು, ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲಿ ಕೊಡಬೇಕು ಎಂದು. ಕಂಪನಿ ಒಪ್ಪಿತು. ನ್ಯೂಜಿಲೆಂಡಿನ ಮಾವೋರಿ ಭಾಷೆಯಲ್ಲಿ ‘ಮೋನಾ’ ಚಿತ್ರದ ಎರಡೂ ಭಾಗಗಳು ಬಂದಿವೆ. ಆ ಭಾಷೆಯವರು ಎರಡು ಲಕ್ಷದ ಆಸುಪಾಸು. ಹಾಗಿದ್ದ ಮೇಲೆ ಇದು ಸಂಖ್ಯೆಯ ಮಾತಲ್ಲ, ಸಂಘಟನೆಯ ಮಾತು. ಒಂಟಿ ಕೂಲಿಕಾರ ಕೇಳಿದರೆ ಮೇಸ್ತ್ರಿ ನಗುತ್ತಾನೆ, ಸಂಘ ಕೇಳಿದರೆ ಮಾಲೀಕ ಕುರ್ಚಿ ಕೊಡುತ್ತಾನೆ. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರದೂ ಪಾಲಿದೆ ಎಂಬುದನ್ನು ಮುಚ್ಚಿಡಬಾರದು. 1960ರ ದಶಕದಲ್ಲಿ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂದು ಅ.ನ.ಕೃ. ಮೊದಲಾದವರು ಚಳುವಳಿ ಹೂಡಿದರು. ಆಗಿನ್ನೂ ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮದ ನಟರು, ವಾದ್ಯಗಾರರು, ತಂತ್ರಜ್ಞರು ಬೀದಿಗೆ ಬೀಳಬಾರದೆಂಬುದು ಅದರ ಉದ್ದೇಶ. ದುಡಿಯುವವರ ಅನ್ನ ಕಾಯುವ ಹೋರಾಟವಾದ್ದರಿಂದ ಅದು ನ್ಯಾಯವೇ. ಆದರೆ ಕಾಲಕ್ರಮದಲ್ಲಿ ಅದು ಬೇಲಿಯಾಗಿ ಬೆಳೆದು, ಮಕ್ಕಳ ಬೊಂಬೆ ಚಿತ್ರಗಳನ್ನೂ ಹೊರಗಿಟ್ಟಿತು. ಬರೆದ ಸಿಂಹಕ್ಕೆ ಯಾವ ಭಾಷೆ? ಇಂಗ್ಲಿಷಿನಲ್ಲಿಯೂ ಅದಕ್ಕೆ ಯಾರೋ ಹಿಂದೆ ಕುಳಿತು ದನಿ ಕೊಡಬೇಕು. ಆ ದನಿಯನ್ನು ಕನ್ನಡದವನು ಕೊಟ್ಟರೆ ಕನ್ನಡ ಕಲಾವಿದನ ಕೆಲಸ ಹೋಗುವುದಿಲ್ಲ, ಬರುತ್ತದೆ. ಈ ಬೇಲಿಯೂ ಈಗ ಇಲ್ಲ. 2015ರ ಜುಲೈನಲ್ಲಿ ಭಾರತದ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಅಡ್ಡಿ ಮಾಡುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು, ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡವನ್ನೂ ಹಾಕಿತು. ಆದುದರಿಂದ 2019ರಲ್ಲಿ ಕನ್ನಡ ಬರದೆ ಹೋದುದಕ್ಕೆ ಹಳೆಯ ನಿಷೇಧದ ನೆಪ ಸಲ್ಲದು.

ಪರದೆಯ ಮೇಲಿನ ಬೊಂಬೆಗೆ ಹಿಂದಿನಿಂದ ಮಾತು ಕೊಡುವುದು ನಮಗೆ ಹೊಸದೂ ಅಲ್ಲ. ತೊಗಲು ಗೊಂಬೆಯಾಟದ ಕಿಳ್ಳೇಕ್ಯಾತರು ತಲೆಮಾರುಗಳಿಂದ ಇದೇ ಸೀಮೆಯ ಊರೂರಿಗೆ ಹೋಗಿ ದೀಪದ ಬೆಳಕಿನಲ್ಲಿ ರಾಮಾಯಣ ಆಡಿಸಿದರು. ಅವರ ಮನೆಮಾತು ಮರಾಠಿಯ ಒಂದು ಬಗೆ. ಆದರೂ ಪರದೆಯ ಹಿಂದೆ ಕುಳಿತರೆ ಹನುಮಂತನ ಬಾಯಲ್ಲಿ ಕನ್ನಡವನ್ನೇ ಆಡಿಸಿದರು, ಏಕೆಂದರೆ ಎದುರಿಗೆ ಕುಳಿತವರು ಕನ್ನಡದವರು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಗಾಂಧೀಜಿಯ ಬದುಕನ್ನು ಸಹ ಗೊಂಬೆಗಳಿಂದ ಹೇಳಿಸಿದರು. ಬಡ ಗೊಂಬೆಯಾಟದವನು ತನ್ನ ನೋಡುಗನಿಗೆ ತೋರಿಸಿದ ಮರ್ಯಾದೆಯನ್ನು ಕೋಟ್ಯಧೀಶ ಕಂಪನಿ ತೋರಿಸಲಾರದೆ?

ಭಾಷೆ ಬಂದರೂ ಬಾಗಿಲಲ್ಲಿ ದುಡ್ಡಿನ ಪ್ರಶ್ನೆ ನಿಂತಿರುತ್ತದೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೇಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಆ 200ರಂತೆ ಲೆಕ್ಕ ಹಾಕಿದರೂ ಗಂಡಹೆಂಡಿರು, ಎರಡು ಮಕ್ಕಳೆಂದರೆ 800 ರೂಪಾಯಿ, ಮೇಲೆ ತೆರಿಗೆ. ಸಂಡೂರಿನ ಗಣಿಯ ಗುತ್ತಿಗೆ ಕೂಲಿಗೆ ಅದು ದಿನದ ದುಡಿಮೆಯನ್ನು ಮೀರಿದ ಮಾತು. ಹಿಂದೆ ಸರ್ಕಾರಕ್ಕೆ ಈ ಹೊಣೆಯ ಅರಿವಿತ್ತು. 1955ರಲ್ಲಿ ಮಕ್ಕಳ ಚಿತ್ರಗಳಿಗೆಂದೇ ಒಂದು ಸಂಸ್ಥೆ ಕಟ್ಟಿತು. 2022ರಲ್ಲಿ ಅದನ್ನು ಚಲನಚಿತ್ರ ಅಭಿವೃದ್ಧಿ ನಿಗಮದ ಹೊಟ್ಟೆಗೆ ಹಾಕಿ ಕೈ ತೊಳೆದುಕೊಂಡಿತು.

ನಮ್ಮಲ್ಲಿ ಕಥೆಗೇನೂ ಬರವಿಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯಿಂದ 1994ರಲ್ಲಿ ‘ಕೊಟ್ರೇಶಿ ಕನಸು’ ಬಂದಾಗ ನಮ್ಮ ನೆಲದ ಬಡ ಹುಡುಗನ ಓದಿನ ಆಸೆಯನ್ನು ದೇಶವೇ ನೋಡಿತು. ಹೊರಗಿನದು ಕನ್ನಡದಲ್ಲಿ ಬರಲಿ, ನಮ್ಮದೂ ಬೆಳೆಯಲಿ. ಒಂದಕ್ಕೊಂದು ಅಡ್ಡಿಯಿಲ್ಲ.

‘ಫ್ರೋಜನ್’ ಮೂರನೆಯ ಭಾಗ 2027ರ ನವೆಂಬರಿಗೆಂದು ಕಂಪನಿ ಪ್ರಕಟಿಸಿದೆ. ಅಷ್ಟರೊಳಗೆ ಮಾಡತಕ್ಕ ಕೆಲಸ ಇಷ್ಟು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಸೇರಿ ಸಹಿ ಸಂಗ್ರಹಿಸಿ, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಮೂಲಕವೂ ನೇರವಾಗಿಯೂ ಕಂಪನಿಗೆ ಕಳಿಸಬೇಕು: ಬೊಂಬೆ ಕನ್ನಡ ಆಡಲಿ. ಚಿತ್ರಮಂದಿರಗಳ ಮಾಲೀಕರು ಭಾನುವಾರದ ಬೆಳಗಿನ ಒಂದು ಆಟವನ್ನಾದರೂ ಮಕ್ಕಳಿಗೆ ಕಡಿಮೆ ದರದಲ್ಲಿ ಕೊಡಬೇಕು. ಸರ್ಕಾರ ಮಕ್ಕಳ ಚಿತ್ರಗಳನ್ನು ತಾಲ್ಲೂಕಿನ ಶಾಲೆಗಳಿಗೆ ಒಯ್ಯಬೇಕು. ಇಪ್ಪತ್ತು ಸಾವಿರ ಜನ ಕೇಳಿ ಪಡೆದದ್ದನ್ನು ನಾಲ್ಕು ಕೋಟಿ ಜನ ಕೇಳದೆ ಕಳೆದುಕೊಳ್ಳುವುದು ಬಡತನವಲ್ಲ, ಸೋಮಾರಿತನ. ಸಹಿಯ ಹಾಳೆ ಮೊದಲು ಹೊಸಪೇಟೆಯಿಂದಲೇ ಹೊರಡಲಿ.