ಕೂಸು ಅತ್ತರೆ ಕಂಪನಿಗೆ ಲಾಭ

ಈ ವಾರ ಎಲ್ಲರ ಮೊಬೈಲಿಗೂ ಬಂದು ಬಿದ್ದ ಆ ವಿಡಿಯೊ ನಿಮಗೂ ಬಂದಿರುತ್ತದೆ. ವಿಮಾನದೊಳಗೆ ಕೂಸೊಂದು ಕಿರುಚಿ ಅಳುತ್ತಿದೆ. ತಾಯಿ ನಿಂತುಕೊಂಡೇ ಅದನ್ನು ತೂಗುತ್ತಿದ್ದಾಳೆ. ಹಿಂದಿನ ಸಾಲಿನಲ್ಲಿ ಕೂತವನು ಎದ್ದು ಒಂದು ಲೋಟ ನೀರು ಕೊಡುವ ಬದಲು ಮೊಬೈಲ್ ಎತ್ತಿ ಹಿಡಿದಿದ್ದಾನೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಕೆಳಗೆ ನಿವೃತ್ತರೊಬ್ಬರ ಷರಾ: ‘ಇಷ್ಟು ಚಿಕ್ಕ ಮಕ್ಕಳನ್ನ ಫಾರಿನ್ನಿಗೆ ಯಾಕ್ರೀ ಕರ್ಕೊಂಡು ಹೋಗ್ಬೇಕು? ಏನು ನೆನಪಿರುತ್ತೆ ಅವಕ್ಕೆ? ಮಕ್ಕಳಿಲ್ಲದ ವಿಮಾನ ಬಿಡಲಿ, ಡಬಲ್ ದುಡ್ಡು ಕೊಡ್ತೀನಿ.’ ಅದಕ್ಕೆ ಹೆಬ್ಬೆರಳು ಎತ್ತಿದವರಲ್ಲಿ ಅರ್ಧಕ್ಕರ್ಧ ಜನ ಅಮೆರಿಕದಿಂದ ಮೊಮ್ಮಕ್ಕಳು ಬೇಸಿಗೆ ರಜಕ್ಕೆ ಬರಲಿಲ್ಲ ಎಂದು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೊರಗುವವರು.

ಡಬಲ್ ದುಡ್ಡಿನ ವಿಷಯ ವಿಮಾನ ಕಂಪನಿಗಳಿಗೆ ಇವರಿಗಿಂತ ಮೊದಲೇ ಹೊಳೆದಿದೆ. 2013ರಲ್ಲೇ ಏರ್‌ಏಷ್ಯಾ ಎಕ್ಸ್ ಮಕ್ಕಳಿಲ್ಲದ ‘ನಿಶ್ಶಬ್ದ ವಲಯ’ ಮಾಡಿತು. ನಮ್ಮ ಇಂಡಿಗೊ 2016ರಲ್ಲಿ ಕೆಲವು ಸಾಲುಗಳಿಗೆ ಹನ್ನೆರಡು ವರ್ಷದೊಳಗಿನವರು ಬರಕೂಡದು ಎಂದಿತು. ಕೊರೆಂಡಾನ್ ಎಂಬ ಕಂಪನಿ 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಕುರಸಾವ್ ದ್ವೀಪಕ್ಕೆ ಹೋಗುವ ವಿಮಾನದಲ್ಲಿ ಹದಿನಾರು ದಾಟಿದವರಿಗೇ ಒಂದು ವಿಭಾಗ ಬಿಟ್ಟು, ಸೀಟಿಗೆ 45 ಯೂರೊ ಹೆಚ್ಚುವರಿ ದರ ಇಟ್ಟಿತು. ಜಪಾನ್ ಏರ್‌ಲೈನ್ಸ್ ಇನ್ನೂ ನಾಜೂಕು. 2019ರಲ್ಲಿ ಅದು ಸೀಟುಗಳ ನಕ್ಷೆಯ ಮೇಲೆ ಕೂಸು ಕೂರುವ ಜಾಗಕ್ಕೆ ಪುಟ್ಟ ಮುಖದ ಗುರುತು ಹಾಕಿಬಿಟ್ಟಿತು. ಬೇಕಾದವರು ದೂರ ಸರಿದುಕೊಳ್ಳಿ ಅಂತ.

ಈ ವ್ಯಾಪಾರದ ಇನ್ನೊಂದು ಮಗ್ಗುಲು ವಾಟ್ಸ್‌ಆ್ಯಪ್ ಗುಂಪಿಗೆ ಗೊತ್ತಿಲ್ಲ. ಮಕ್ಕಳಿಂದ ದೂರ ಕೂರಲು ಹೇಗೆ ದುಡ್ಡೋ ನಮ್ಮ ಮಕ್ಕಳ ಪಕ್ಕದಲ್ಲಿ ಕೂರಲೂ ಹಾಗೇ ದುಡ್ಡು. ಮಗಳ ಸಂಸಾರದ ಜೊತೆ ಸಿಂಗಪುರಕ್ಕೆ ಹೊರಟಾಗ ನಮ್ಮೆಲ್ಲರದೂ ಒಂದೇ ಟಿಕೆಟ್, ಒಂದೇ ಪಿಎನ್‌ಆರ್. ಐದು ವರ್ಷದ ಮೊಮ್ಮಗಳಿಗೆ ಮಾತ್ರ ಹತ್ತು ಸಾಲು ಹಿಂದೆ, ಇಬ್ಬರು ಅಪರಿಚಿತರ ನಡುವೆ ಸೀಟು ಕೊಟ್ಟಿದ್ದರು. ಕಂಪನಿಯ ಹೆಸರು ಬೇಡ. ಕೌಂಟರಿನ ಹುಡುಗಿ ನಗುನಗುತ್ತಲೇ ‘ಸೀಟ್ ಸೆಲೆಕ್ಷನ್ ಮಾಡಿಲ್ಲ ಸರ್’ ಎಂದಳು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆತಾಯಿಯಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಏಪ್ರಿಲ್‌ನಲ್ಲೇ ವಿಮಾನ ಕಂಪನಿಗಳಿಗೆ ಹೇಳಿದೆ. ನನ್ನ ಮಗಳು ಆ ಸುತ್ತೋಲೆಯನ್ನು ಮೊಬೈಲಿನಲ್ಲಿ ಇಟ್ಟುಕೊಂಡೇ ಬಂದಿದ್ದಳು. ತೋರಿಸಿದ ಮೇಲೆ ಎರಡೇ ನಿಮಿಷದಲ್ಲಿ ಸೀಟು ಹುಟ್ಟಿತು. ತೋರಿಸದವರ ಗತಿ ಏನು?

ಇನ್ನು ಅಳುವಿನ ವಿಷಯ. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿಯ ಒಳಭಾಗಕ್ಕೂ ಗಂಟಲಿಗೂ ನಡುವೆ ಇರುವ ಸಣ್ಣ ನಳಿಕೆ ತೆರೆದುಕೊಂಡರೆ ಎರಡೂ ಕಡೆ ಸಮವಾಗುತ್ತದೆ. ನಾವು ಎಂಜಲು ನುಂಗುತ್ತೇವೆ, ಆಕಳಿಸುತ್ತೇವೆ, ‘ಟಪ್’ ಅಂದು ಸರಿಹೋಗುತ್ತದೆ. ಕೂಸಿನ ನಳಿಕೆ ಕಿರಿದು, ನುಂಗು ಎಂದರೆ ಅದಕ್ಕೆ ಗೊತ್ತಾಗುವುದಿಲ್ಲ. ನೋವಾಗುತ್ತದೆ, ಅಳುತ್ತದೆ. ಇಳಿಯಲು ಶುರುವಾದಾಗ ಹಾಲು ಕುಡಿಸಿದರೆ ವಾಸಿ ಎನ್ನುತ್ತಾರೆ ವೈದ್ಯರು. ಆದರೆ ರಾತ್ರಿಯಿಡೀ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಸೀಟಿನ ಮುಂದಿನ ಜೇಬಿನಿಂದ ಸುರಕ್ಷತಾ ಕಾರ್ಡನ್ನು ಎಳೆದೆಳೆದು ಹಾಕಿದ ಮಗಳ ಕಿರಿಯ ಕೂಸು, ನಮ್ಮ ಪಾಪು, ಸರಿಯಾಗಿ ಇಳಿಯುವ ಹೊತ್ತಿಗೆ ಬಾಯಿ ತೆರೆದು ನಿದ್ದೆಹೋದ. ಎಬ್ಬಿಸಿದರೆ ಅಳುತ್ತಾನೆ, ಎಬ್ಬಿಸದಿದ್ದರೆ ಕಿವಿ ನೋವಿಗೆ ಎದ್ದು ಅಳುತ್ತಾನೆ. ಅತ್ತ. ಪಕ್ಕದ ಮಹಾಶಯರು ‘ತ್ಚ್’ ಎಂದರು. ಅವರು ವಿಮಾನ ನೆಲ ಮುಟ್ಟುವುದರೊಳಗೆ ಮೂರು ಬಿಯರ್ ಮುಗಿಸಿ, ಗಗನಸಖಿಯ ಜೊತೆ ನಾಲ್ಕನೆಯದಕ್ಕೆ ಜಗಳ ಆಡಿದ್ದವರು. ಅವರಿಂದ ದೂರ ಕೂರುವ ಸಾಲಿಗೆ ಯಾವ ಕಂಪನಿ ಎಷ್ಟು ಯೂರೊ ಕೇಳಿದರೂ ನಾನು ಕೊಡುತ್ತಿದ್ದೆ.

ಹಾಗಂತ ಮಕ್ಕಳನ್ನು ಕಟ್ಟಿಕೊಂಡು ಪರದೇಶಕ್ಕೆ ಹೋಗುವುದು ಸುಖ ಎಂದು ನಾನು ಹೇಳುತ್ತಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟಿಗೆ ಫೋಟೊ ನಾವೇ ಒಯ್ಯಬೇಕು. ಹಿಂಬದಿ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಎತ್ತಿಕೊಂಡವರ ಕೈ ಕಾಣಕೂಡದು. ಎರಡೂವರೆ ತಿಂಗಳ ಕೂಸಿಗೆ! ಸ್ಟುಡಿಯೊದವನು ನನ್ನ ಬಿಳಿ ಪಂಚೆಯನ್ನೇ ನೆಲಕ್ಕೆ ಹಾಸಿಸಿ ಪಾಪುವನ್ನು ಮಲಗಿಸಿ, ತಾನು ಸ್ಟೂಲು ಹತ್ತಿ ನಿಂತ. ನನ್ನಾಕೆ ತಲೆಯ ಕಡೆಯಿಂದ ಪೂಜೆಯ ಗಂಟೆ ಅಲ್ಲಾಡಿಸಿದಳು. ಕಣ್ಣು ಬಿಟ್ಟರೆ ಬಾಯಿಯೂ ತೆರೆಯಿತು, ಬಾಯಿ ಮುಚ್ಚಿದರೆ ಕಣ್ಣೂ ಮುಚ್ಚಿತು. ಕೊನೆಗೆ ಸಿಕ್ಕಿದ್ದು, ಯಾರ ಮೇಲೋ ಭಾರಿ ಸಿಟ್ಟಿನಲ್ಲಿರುವ ಅಮಲ್ದಾರನ ಮುಖ. ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷದ ಆಯಸ್ಸು. ನಡೆಯಲು ಕಲಿತು ಕೌಂಟರಿನ ಮುಂದೆ ಕುಣಿಯುವ ಹುಡುಗನನ್ನೂ ಆ ಅಮಲ್ದಾರನನ್ನೂ ವಲಸೆ ಅಧಿಕಾರಿ ಹೇಗೆ ತಾಳೆ ನೋಡಿದನೋ ದೇವರಿಗೇ ಗೊತ್ತು.

ಆಮೇಲೆ ಗಂಟುಮೂಟೆ. ನನ್ನಾಕೆ ರಾಗಿ ಸರಿ, ಹುರಿಹಿಟ್ಟು, ತೆಳು ಅವಲಕ್ಕಿ, ತುಪ್ಪ ಎಲ್ಲ ಕಟ್ಟಿದಳು. ಅಷ್ಟಕ್ಕೇ ನಿಲ್ಲದೆ ‘ಮಗು ರಾತ್ರಿ ಚೆನ್ನಾಗಿ ಮಲಗುತ್ತೆ’ ಎಂದು ಪಾಯಸಕ್ಕೆ ಒಂದು ಪೊಟ್ಟಣ ಗಸಗಸೆಯನ್ನೂ ಸೇರಿಸಿದ್ದಳು. ಮಗಳು ಅದನ್ನು ನೋಡಿ ಹೌಹಾರಿದಳು. ‘ಅಮ್ಮಾ, ಸಿಂಗಪುರದಲ್ಲಿ ಗಸಗಸೆ ನಿಷೇಧ, ದುಬೈನಲ್ಲೂ ನಿಷೇಧ. ಅಫೀಮು ಗಿಡದ ಬೀಜ ಅದು. ನಿನ್ನನ್ನ ಜೈಲಿಗೆ ಹಾಕ್ತಾರೆ.’ ‘ನಿಮ್ಮನ್ನೆಲ್ಲ ಅದೇ ಪಾಯಸ ಕುಡಿಸಿ ಬೆಳೆಸಿದ್ದು ಕಣೇ’ ಎಂದು ನನ್ನಾಕೆ ವಾದಿಸಿದಳು. ಪೊಟ್ಟಣ ಡಬ್ಬಿಗೆ ವಾಪಸು ಹೋಯಿತು. ಮುನಿಸು ಮಾತ್ರ ಏರ್‌ಪೋರ್ಟ್ ತನಕ ಬಂತು.

ಎರಡು ವರ್ಷ ತುಂಬದ ಕೂಸಿಗೆ ವಿಮಾನದಲ್ಲಿ ಸೀಟಿಲ್ಲ, ಮಡಿಲೇ ಗತಿ. ಆದರೂ ವಿದೇಶ ಪ್ರಯಾಣಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತರಲ್ಲೊಂದು ಪಾಲು ವಸೂಲಾಗುತ್ತದೆ. ಪ್ರವಾಸದ ನಡುವೆ ಎರಡು ತುಂಬಿತೋ, ಬರುವಾಗ ಸೀಟಿನ ಟಿಕೆಟ್ಟೇ ತೆಗೆಯಬೇಕು. ನಮ್ಮ ಕಾಲದಲ್ಲಿ ಬಸ್ಸಿನ ಹಾಫ್ ಟಿಕೆಟ್ಟಿಗೂ ಇದೇ ಕಥೆ. ‘ಕಂಡಕ್ಟರ್ ಕೇಳಿದ್ರೆ ಐದು ವರ್ಷ ಅನ್ನು’ ಎಂದು ನಮ್ಮಪ್ಪ ಬಸ್ ಹತ್ತುವ ಮುಂಚೆ ಪಾಠ ಹೇಳುತ್ತಿದ್ದರು. ನನ್ನ ತಮ್ಮ ಒಮ್ಮೆ ‘ಬಸ್ಸಲ್ಲಿ ಐದು, ಸ್ಕೂಲಲ್ಲಿ ಏಳು’ ಎಂದುಬಿಟ್ಟ. ಕಂಡಕ್ಟರ್ ನಕ್ಕು ಮುಂದೆ ಹೋದ. ಕಂಪ್ಯೂಟರಿಗೆ ನಗುವುದು ಬರುವುದಿಲ್ಲ.

ಸಿಂಗಪುರದಲ್ಲಿ ಬಸ್ಸು, ರೈಲಿನಲ್ಲಿ ದೊಡ್ಡವರ ಜೊತೆ ಹೋಗುವ ಮಗು 90 ಸೆಂಟಿಮೀಟರ್‌ಗಿಂತ ಗಿಡ್ಡಗಿದ್ದರೆ ಟಿಕೆಟ್ಟಿಲ್ಲ. ಸುಳ್ಳು ಹೇಳುವ ಪ್ರಮೇಯವೇ ಇಲ್ಲ. ಗಾರ್ಡನ್ಸ್ ಬೈ ದ ಬೇ ಒಳಗೆ ಮಕ್ಕಳಿಗೇ ಒಂದು ತೋಟವಿದೆ, ಪ್ರವೇಶ ಪುಕ್ಕಟೆ. ನೆಲದಿಂದ ನೀರು ಚಿಮ್ಮುವ ಜಾಗದಲ್ಲಿ ಮೊಮ್ಮಗಳು ಎರಡೂ ಅಂಗೈ ಕೆಳಮುಖ ಮಾಡಿ ಕುಕ್ಕುರುಗಾಲಲ್ಲಿ ಕಾದು ಕೂತಳು. ನೀರು ಅಲ್ಲಿ ಬಿಟ್ಟು ಅವಳ ಬೆನ್ನ ಹಿಂದೆ ಚಿಮ್ಮಿತು. ಅವಳು ಹಾಕಿದ ಕೇಕೆಗೆ ಪಕ್ಕದಲ್ಲಿದ್ದ ಚೀನೀ ಅಜ್ಜಿಯೊಬ್ಬರು ಬೆಚ್ಚಿಬಿದ್ದು, ಆಮೇಲೆ ತಾವೂ ಚಪ್ಪಾಳೆ ತಟ್ಟಿದರು. ಅಲ್ಲಿನ ಹಾಕರ್ ಸೆಂಟರುಗಳಲ್ಲಿ ಉಂಡ ತಟ್ಟೆಯನ್ನು ಉಂಡವರೇ ಎತ್ತಿಡಬೇಕು. 2021ರಿಂದ ಅದು ಕಡ್ಡಾಯ, ಪದೇ ಪದೇ ತಪ್ಪಿದರೆ ದಂಡ. ಮನೆಯಲ್ಲಿ ಲೋಟ ಎತ್ತಿಡು ಎಂದರೆ ಅಳುವ ಹುಡುಗಿ ಅಲ್ಲಿ ನನ್ನ ತಟ್ಟೆಯನ್ನು ಊಟ ಮುಗಿಯುವ ಮುಂಚೆಯೇ ಕಿತ್ತುಕೊಂಡು ಓಡಿದಳು.

ಮಕ್ಕಳಿಗೆ ಇದೆಲ್ಲ ನೆನಪಿರುತ್ತದೆಯೇ? ಇರಲಿಕ್ಕಿಲ್ಲ. ಹತ್ತು ದಿನದ ಪ್ಯಾಕೇಜಿನಲ್ಲಿ ಯುರೋಪು ಮುಗಿಸಿ ಬಂದ ನಮ್ಮ ಷರಾ ಮಹನೀಯರಿಗೂ ಯಾವ ಇಗರ್ಜಿ ಯಾವ ಊರಿನದೆಂದು ನೆನಪಿಲ್ಲ. ಎಲ್ಲಿ ರಸಂ ಸಿಕ್ಕಿತು ಎಂಬುದು ಮಾತ್ರ ಕಂಠಪಾಠ. ಮರೆಯುವವರು ಮನೆಯಲ್ಲಿರಬೇಕು ಎಂದಾದರೆ ಮೊದಲು ಅವರ ಪಾಸ್‌ಪೋರ್ಟ್ ಒಪ್ಪಿಸಲಿ.

ಈಗ ನನ್ನ ಹಳೆಯ ರಾಗ, ಫುಟ್‌ಪಾತ್. ಓದುಗರು ‘ಬಂತಪ್ಪ ಇವನ ಪುರಾಣ’ ಎಂದರೂ ಸರಿಯೇ. ನಮ್ಮ ಮಗಳ ಮನೆಯಲ್ಲಿ ಒಂದು ಸ್ಟ್ರಾಲರ್ ಇದೆ, ಮಗು ಕೂರಿಸಿ ತಳ್ಳುವ ಗಾಡಿ. ಮೊಮ್ಮಗಳು ಹುಟ್ಟಿದಾಗ ಉಡುಗೊರೆಯಾಗಿ ಬಂದಿದ್ದು. ಬೆಂಗಳೂರಿನಲ್ಲಿ ಅದು ಅಟ್ಟದ ಮೇಲೇ ಇತ್ತು. ಅದರ ಚಕ್ರ ಮೊದಲ ಬಾರಿ ಬೀದಿಯಲ್ಲಿ ಉರುಳಿದ್ದು ಸಿಂಗಪುರದಲ್ಲಿ. ಹೋಟೆಲಿನಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ಪಾರ್ಕಿಗೆ, ಒಮ್ಮೆಯೂ ಎತ್ತಬೇಕಾಗಲಿಲ್ಲ. ಅಲ್ಲಿ 2017ರಿಂದ ಬಸ್ಸಿನೊಳಕ್ಕೂ ಮಡಿಸದ ಸ್ಟ್ರಾಲರನ್ನು ಹಾಗೇ ತಳ್ಳಿಕೊಂಡು ಹತ್ತಬಹುದು. ಅಂಗಡಿಗಳ ಮುಂದೆ ಐದಡಿ ಅಗಲದ, ಮಾಡು ಇರುವ ನಡೆದಾರಿ ಬಿಡಬೇಕೆಂದು ಬ್ರಿಟಿಷರ ಕಾಲದ ರಾಫಲ್ಸ್ ಸಾಹೇಬ 1822ರ ನಗರ ಯೋಜನೆಯಲ್ಲೇ ಕಟ್ಟಪ್ಪಣೆ ಮಾಡಿದ್ದ. ಇಡೀ ಪ್ರವಾಸದಲ್ಲಿ ಗಾಡಿ ಸಿಕ್ಕಿಕೊಂಡಿದ್ದು ಒಂದೇ ಕಡೆ, ಲಿಟ್ಲ್ ಇಂಡಿಯಾದಲ್ಲಿ. ಆ ಐದಡಿಯ ಮೇಲೂ ನಮ್ಮವರು ನುಗ್ಗೆಕಾಯಿ, ಮಲ್ಲಿಗೆ ದಂಡೆ, ಈರುಳ್ಳಿ ಚೀಲ ಹರವಿದ್ದರು. ಗಾಂಧಿ ಬಜಾರಿಗೇ ಬಂದಂತಾಗಿ ನನ್ನಾಕೆಗೆ ಜೀವ ಬಂತು.

ನಮ್ಮಲ್ಲೂ ನಿಯಮಕ್ಕೆ ಬರವಿಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲವಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದೆ. ಪಾದಚಾರಿಗೆ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಮ್ಮ ಬೀದಿಯಲ್ಲಿ ಆ ಹಕ್ಕಿನ ಮೇಲೆ ಈಗ ಒಂದು ಟ್ರಾನ್ಸ್‌ಫಾರ್ಮರ್, ಎರಡು ಬೀಡಾ ಅಂಗಡಿ, ಚಪ್ಪಡಿ ಹಾರಿಹೋದ ಒಂದು ಚರಂಡಿ ಮತ್ತು ಸಂಜೆ ಆರರ ಮೇಲೆ ಸಾಲುಗಟ್ಟಿ ಹಾರ್ನ್ ಹೊಡೆಯುವ ಸ್ಕೂಟರುಗಳಿವೆ. ಮಕ್ಕಳನ್ನು ವಿಮಾನ ಹತ್ತಿಸಿ ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದರೆ, ಸ್ವಾಮಿ, ನಡೆಸಿಕೊಂಡು ಬರಲಿಕ್ಕೆ.

ಎಲೆಕ್ಷನ್ ಹತ್ತಿರ ಬಂತೆಂದರೆ ನಮ್ಮ ಪುಢಾರಿಗಳು ಕಂಡವರ ಕೂಸನ್ನೆಲ್ಲ ಎತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಸಲ ನಮ್ಮ ಬೀದಿಗೆ ಬಂದವರು ಕೂಸನ್ನು ಕೂರಿಸಿಕೊಂಡು ಈ ತುದಿಯಿಂದ ಆ ತುದಿಗೆ ಒಮ್ಮೆ ತಳ್ಳಿಕೊಂಡು ಹೋಗಲಿ. ಗಾಡಿ ನಮ್ಮದೇ ಕೊಡುತ್ತೇವೆ. ಕೂಸು ಮಾತ್ರ ಅವರದೇ ಆಗಿರಲಿ.