ದತ್ತು ಎನ್ನಬೇಡಿ, ಕರಾರು ಎನ್ನಿ

ನಮ್ಮ ಜಿಲ್ಲೆಯ ಕಾಲೇಜುಗಳು ಕಬಡ್ಡಿ ಆಟಗಾರರ ವಿಷಯದಲ್ಲಿ ‘ದತ್ತು’ ಎಂಬ ಪದ ಬಳಸುವುದನ್ನು ನಿಲ್ಲಿಸಬೇಕು. ಬೆಳ್ಳಾರೆಯಲ್ಲಿ ಕೂತು ಇದನ್ನು ಬರೆದರೆ ಪರಿಚಯದವರಿಂದಲೇ ಬೈಗುಳ ತಿನ್ನಬೇಕಾಗುತ್ತದೆ. ಇಲ್ಲಿ ಕಬಡ್ಡಿಯ ಬಗ್ಗೆ ತಕರಾರು ಎತ್ತುವುದೆಂದರೆ ಕೋಲದ ನಡುವೆ ಎದ್ದು ನಿಂತು ಸಮಿತಿಯ ಲೆಕ್ಕಪತ್ರ ಕೇಳಿದ ಹಾಗೆ.

ಪಿಯುಸಿ ಫಲಿತಾಂಶ ಬಂದ ಮೇಲೆ ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಕೆಲವು ಮನೆಗಳಿಗೆ ಫೋನ್ ಬರಲು ಶುರುವಾಗುತ್ತದೆ. ಕರೆ ಮಾಡುವವರು ಹೆಚ್ಚಾಗಿ ಹಿಂದೆ ಆಡಿದವರೇ, ಈಗ ಯಾವುದೋ ಕಾಲೇಜಿನ ತಂಡಕ್ಕೆ ತರಬೇತಿ ಕೊಡುವವರು. ಹುಡುಗ ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟಕ್ಕೆ ಹೋದದ್ದು, ಕಳೆದ ಬೇಸಿಗೆಯಲ್ಲಿ ಯಾವ ಯುವಕ ಮಂಡಲದ ಪಂದ್ಯಾಟದಲ್ಲಿ ಬೆಸ್ಟ್ ರೈಡರ್ ಆದದ್ದು, ತೂಕ ಎಷ್ಟು, ಯಾವ ಕಾಲು ಮುಂದಿಟ್ಟು ಒಳಗೆ ಹೋಗುತ್ತಾನೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಅಂಕಪಟ್ಟಿಯ ಬಗ್ಗೆ ಮಾತ್ರ ಕೇಳುವುದಿಲ್ಲ. ಟ್ರಯಲ್ಸಿಗೆ ಬಾ, ಸೀಟು ಫ್ರೀ, ಹಾಸ್ಟೆಲ್ ಫ್ರೀ, ಊಟ ಫ್ರೀ. ಜುಲೈ ದಾಟುವಷ್ಟರಲ್ಲಿ ತಂಡಕ್ಕೆ ಬಂದ ಹೊಸ ಹುಡುಗರ ಹೆಸರುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಈ ಸಲ ಆ ಕಾಲೇಜಿಗೆ ಎರಡು ಒಳ್ಳೆ ಕಾರ್ನರ್ ಸಿಕ್ಕಿದ್ದಾರಂತೆ, ಈ ಕಾಲೇಜಿಗೆ ರೈಡರೇ ಇಲ್ಲವಂತೆ. ಅಡಿಕೆ ಧಾರಣೆಯನ್ನು ಮಾತಾಡುವಷ್ಟೇ ಗಂಭೀರವಾಗಿ ಇದನ್ನೂ ಮಾತಾಡುತ್ತೇವೆ. ನಾನೂ ಮಾತಾಡುತ್ತೇನೆ, ಸುಳ್ಳು ಯಾಕೆ.

ಮಳೆ ಬಿಟ್ಟ ಮೇಲೆ ಆಟದ ಹಂಗಾಮು. ಅಂತರ್ ಕಾಲೇಜು ಪಂದ್ಯಾಟ, ಅದರಿಂದ ವಿಶ್ವವಿದ್ಯಾನಿಲಯದ ತಂಡದ ಆಯ್ಕೆ, ಆಮೇಲೆ ಅಂತರ್ ವಿಶ್ವವಿದ್ಯಾನಿಲಯ. ಇದರ ನಡುನಡುವೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು. ಶನಿವಾರ ರಾತ್ರಿ ಹತ್ತಕ್ಕೆ ಉದ್ಘಾಟನೆಯ ಭಾಷಣ ಮುಗಿದು, ಫೈನಲ್ ಆಗುವಾಗ ಬೆಳಗ್ಗಿನ ಹಾಲಿನ ಹೊತ್ತು. ಕಾಲೇಜಿಗೆ ಆಡುವ ಹುಡುಗರೇ ಇಲ್ಲಿಯೂ ಯಾವುದೋ ಕ್ಲಬ್ಬಿನ ಜೆರ್ಸಿ ಹಾಕಿಕೊಂಡು ಬರುತ್ತಾರೆ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮ್ಯಾಟ್ ಮೇಲೆ, ಒಬ್ಬನ ಕಾಲಿನ ಮೇಲೆ ಏಳು ಜನ ಬೀಳುವ ಆಟ. ನಿದ್ರೆ ಇಲ್ಲದ ಮೈಯಲ್ಲಿ ಆಡುವ ಆಟವಲ್ಲ ಅದು. ಆದರೂ ಆಡುತ್ತಾರೆ, ಯಾಕೆಂದರೆ ಅಲ್ಲಿ ಕೈಗೆ ಸ್ವಲ್ಪ ಕಾಸು ಸಿಗುತ್ತದೆ. ಕಾಲೇಜಿನಲ್ಲಿ ಸಿಗುವುದು ಊಟ, ಕೋಣೆ, ಬೂಟು.

ಕ್ರೀಡಾ ದತ್ತು ಎಂಬ ಮಾತು ನಮ್ಮಲ್ಲಿ ಬೇರೂರಿ ವರ್ಷಗಳಾದವು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಎಲ್ಲರಿಗೂ ತಿಳಿದದ್ದೇ. ಅದನ್ನು ನೋಡಿ ಉಳಿದ ಕಾಲೇಜುಗಳೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಮಾಡಿದವು. ಈ ವ್ಯವಸ್ಥೆ ಇಲ್ಲದೆ ಹೋಗಿದ್ದರೆ ಪದವಿಯ ಮೆಟ್ಟಿಲು ಹತ್ತದೆ ಉಳಿಯುತ್ತಿದ್ದ ಹುಡುಗ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಇದ್ದಾರೆ. ನನ್ನ ತಕರಾರು ಯಾವೊಂದು ಸಂಸ್ಥೆಯ ಮೇಲಲ್ಲ, ಎಲ್ಲರೂ ಒಟ್ಟಾಗಿ ಬಳಸುವ ಆ ಪದದ ಮೇಲೆ, ಮತ್ತು ಅದರ ಅಡಿಯಲ್ಲಿ ಬಚ್ಚಿಟ್ಟ ವಿಷಯದ ಮೇಲೆ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 15ನೇ ಕಲಮು ಹೇಳುವುದು ಇಷ್ಟು: ಕ್ರಮಬದ್ಧವಾಗಿ ಆದ ದತ್ತನ್ನು ತೆಗೆದುಕೊಂಡವರೂ ರದ್ದು ಮಾಡುವಂತಿಲ್ಲ, ಬೇರೆ ಯಾರೂ ರದ್ದು ಮಾಡುವಂತಿಲ್ಲ. ಮಗು ಕುಂಟಾದರೂ, ಓದದಿದ್ದರೂ, ಹೇಳಿದ ಮಾತು ಕೇಳದಿದ್ದರೂ ಅದು ಮನೆಯ ಮಗುವೇ. ಕಾನೂನಿನ ಮಾತು ಬಿಡಿ, ನಮ್ಮ ಅಜ್ಜಿಯರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಹಾಗಾದರೆ ಕಾಲು ಮುರಿದ ಮರುವರ್ಷ ಶುಲ್ಕದ ಚೀಟಿ ಕಳಿಸುವ ಸಂಬಂಧಕ್ಕೆ ಏನೆನ್ನಬೇಕು?

ನನ್ನ ಜೊತೆ ಪಿಯುಸಿ ಓದಿದ ಒಬ್ಬನಿದ್ದ. ಎಡ ಕಾರ್ನರ್. ರೈಡರ್ ಬೋನಸ್‌ಗೆ ಕಾಲು ಚಾಚಿದನೋ, ಇವನ ಕೈ ಹಾವಿನ ಹಾಗೆ ಅವನ ಹರಡಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಕಾಲೇಜು ಅವನನ್ನು ಕರೆದುಕೊಂಡು ಹೋಯಿತು. ಎರಡನೇ ವರ್ಷ ಹೀಗೇ ಒಬ್ಬನ ಹರಡು ಹಿಡಿದಾಗ ಮೇಲಿಂದ ತನ್ನ ತಂಡದವರೇ ಬಿದ್ದರು, ಮೊಣಕಾಲು ಒಳಕ್ಕೆ ತಿರುಗಿತು. ಎ.ಸಿ.ಎಲ್. ತುಂಡು. ಕಬಡ್ಡಿಯವರಿಗೆ ಈ ಮೂರಕ್ಷರ ಗೊತ್ತಿರುವಷ್ಟು ಚೆನ್ನಾಗಿ ಡಿಗ್ರಿಯ ಪಠ್ಯಕ್ರಮವೂ ಗೊತ್ತಿರುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿದರೂ ಅಂಕಣಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳು, ಒಂದು ವರ್ಷ ಬೇಕು. ಮೂರು ವರ್ಷದ ಪದವಿಯಲ್ಲಿ ಅದು ಮೂರನೇ ಒಂದು ಪಾಲು. ಆಸ್ಪತ್ರೆಯ ಖರ್ಚಿಗೆ ಅಪ್ಪ ಸೊಸೈಟಿಯಿಂದ ಸಾಲ ಎತ್ತಿದರು. ರಬ್ಬರ್ ಟ್ಯಾಪಿಂಗ್ ಮಾಡುವ ಮನುಷ್ಯ ಅವರು. ಮುಂದಿನ ಜೂನಿನಲ್ಲಿ ಅವನನ್ನು ಯಾರೂ ಹೊರಗೆ ಹಾಕಲಿಲ್ಲ. ಹೊಸ ಮಕ್ಕಳು ಬಂದಿದ್ದಾರೆ, ಹಾಸ್ಟೆಲಿನಲ್ಲಿ ಜಾಗ ಕಡಿಮೆ ಎಂದರು. ಆ ವರ್ಷದ ಶುಲ್ಕದ ಚೀಟಿ ಬಂತು. ಅಷ್ಟೇ. ಅವನು ಕೊನೆಯ ವರ್ಷದ ಪರೀಕ್ಷೆ ಬರೆಯಲಿಲ್ಲ. ಈಗ ಪಿಕಪ್ ಓಡಿಸುತ್ತಾನೆ, ಕ್ಲಚ್ ತುಳಿಯುವಾಗ ಈಗಲೂ ಮುಖ ಕಿವುಚುತ್ತಾನೆ.

ನನ್ನನ್ನು ಹೆಚ್ಚು ಕಾಡಿದ್ದು ಚೀಟಿಯಲ್ಲ, ಅವನ ಅಮ್ಮ ಹೇಳಿದ ಮಾತು. “ಅವರನ್ನು ದೂರಬಾರದು ಮಗಾ, ಎರಡು ವರ್ಷ ಅನ್ನ ಹಾಕಿದ್ದಾರೆ.” ದತ್ತು ಎಂಬ ಪದ ಮಾಡುವ ಕೆಲಸ ಇದೇ. ಎರಡು ಹಂಗಾಮು ಆ ಹುಡುಗ ಕಾಲೇಜಿಗೆ ಪದಕ ತಂದುಕೊಟ್ಟಿದ್ದ. ಅವನ ಫೋಟೊ ಪ್ರವೇಶಾತಿಯ ಬ್ಯಾನರಿನಲ್ಲಿತ್ತು, ಬಸ್‌ಸ್ಟ್ಯಾಂಡಿನ ಎದುರು. ಆ ದುಡಿಮೆಗೆ ಬದಲಾಗಿ ಸಿಕ್ಕಿದ್ದು ಅನ್ನ. ಅಂದರೆ ಅದು ಕೊಡು-ಕೊಳ್ಳುವ ವ್ಯವಹಾರ, ಎರಡೂ ಕಡೆಯವರು ಸಮಸಮ. ಆದರೆ ಅದಕ್ಕೆ ದತ್ತು ಎಂದು ಹೆಸರಿಟ್ಟ ಕೂಡಲೇ ಒಂದು ಕಡೆಯವರು ದಾನಿಗಳು, ಇನ್ನೊಂದು ಕಡೆಯವರು ಋಣಿಗಳು. ಋಣದಲ್ಲಿರುವವನು ಕಾಗದ ಕೇಳುತ್ತಾನೆಯೇ?

ಪದವೊಂದನ್ನು ಹೀಗೆ ಗುರಾಣಿ ಮಾಡಿಕೊಳ್ಳುವುದರಲ್ಲಿ ನಮ್ಮವರು ಮೊದಲಿಗರಲ್ಲ. ಕಾಲೇಜು ಕ್ರೀಡೆಯನ್ನು ಅತಿ ದೊಡ್ಡ ವ್ಯಾಪಾರ ಮಾಡಿಕೊಂಡ ದೇಶ ಅಮೆರಿಕ. ಅಲ್ಲಿಯ ಕಾಲೇಜು ಫುಟ್‌ಬಾಲ್, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಎತ್ತಿಕೊಂಡು ಓಡುವ ಆಟ, ನಮ್ಮ ಕಬಡ್ಡಿಯ ಹಾಗೆ ಮೈಗೆ ಮೈ ಬಡಿಯುವಂಥದ್ದು. 1955ರಲ್ಲಿ ಕೊಲೊರಾಡೊದ ಒಂದು ಸಣ್ಣ ಕಾಲೇಜಿಗೆ ಆಡುತ್ತಿದ್ದ ರೇ ಡೆನಿಸನ್ ಎಂಬ ಆಟಗಾರ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕೆಲಸದಲ್ಲಿ ಸತ್ತ ಕಾರ್ಮಿಕನಿಗೆ ಕೊಡುವ ಪರಿಹಾರ ಕೊಡಿ ಎಂದು ಅವನ ಹೆಂಡತಿ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಇಲ್ಲ ಎಂದಿತು. ಅವನು ಕಾಲೇಜಿನ ನೌಕರನಾಗಿರಲಿಲ್ಲವಂತೆ. ಇಂಥ ದಾವೆಗಳ ಕಾಲದಲ್ಲೇ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌.ಸಿ.ಎ.ಎ. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡಿಪದವನ್ನು ಚಲಾವಣೆಗೆ ತಂದಿತು. ಆಟಗಾರರನ್ನು ನೌಕರರೆಂದು ಯಾರೂ ಕರೆಯದ ಹಾಗೆ ನೋಡಿಕೊಳ್ಳುವುದು ಅದರ ಉದ್ದೇಶವಾಗಿತ್ತೆಂದು ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವಾಲ್ಟರ್ ಬೈಯರ್ಸ್ ನಿವೃತ್ತರಾದ ಮೇಲೆ ಬರೆದ ಪುಸ್ತಕದಲ್ಲಿ ತಾವೇ ಒಪ್ಪಿಕೊಂಡರು. ಕೇಳಲು ಎಷ್ಟು ಚಂದದ ಪದ!

ಅಲ್ಲಿಯೂ 1973ರಿಂದ ವಿದ್ಯಾರ್ಥಿವೇತನವನ್ನು ಒಂದೊಂದೇ ವರ್ಷಕ್ಕೆ ಕೊಟ್ಟು, ಬೇಕಿದ್ದರೆ ಮುಂದುವರಿಸುವ ಪದ್ಧತಿ ನಡೆಯಿತು. ಆಟ ಸೋತವನ ವೇತನ ಸುಮ್ಮನೆ ನಿಲ್ಲುತ್ತಿತ್ತು. 2012ರಲ್ಲಿ ಹಲವು ವರ್ಷಗಳಿಗೆ ಒಟ್ಟಿಗೆ ಕೊಡಲು ಮತ್ತೆ ಅವಕಾಶವಾಯಿತು. 2015ರಲ್ಲಿ ದೊಡ್ಡ ಒಕ್ಕೂಟಗಳ ಕಾಲೇಜುಗಳು, ಆಟ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ವೇತನ ನಿಲ್ಲಿಸುವಂತಿಲ್ಲ ಎಂದು ನಿಯಮ ಮಾಡಿಕೊಂಡವು. 2021ರಲ್ಲಿ ಅವರ ಸುಪ್ರೀಂ ಕೋರ್ಟು ಒಂಬತ್ತಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಲ್ಲಿ ಆಟಗಾರರ ಪರ ತೀರ್ಪು ಕೊಟ್ಟಿತು. ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವ ಹಂತಕ್ಕೆ ಬಂದಿದೆ. ನಮ್ಮ ಕಬಡ್ಡಿಯಲ್ಲಿ ಅಷ್ಟು ದುಡ್ಡು ಇಲ್ಲ, ಇರಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಅಲ್ಲಿಯ ಹುಡುಗ ಕಾಲೇಜು ಸೇರುವ ದಿನ ಒಂದು ಕಾಗದಕ್ಕೆ ರುಜು ಹಾಕುತ್ತಾನೆ, ಅದರಲ್ಲಿ ಅವನಿಗೆ ಏನು ಕೊಡುತ್ತಾರೆಂದು ಬರೆದಿರುತ್ತದೆ. ನಮ್ಮ ಹುಡುಗ ಒಂದು ಫೋನ್ ಕರೆಯ ಮೇಲೆ ಹೋಗುತ್ತಾನೆ.

“ಪ್ರೊ ಕಬಡ್ಡಿ ಇದೆಯಲ್ಲ ಮಾರಾಯ್ರೆ” ಎನ್ನುವವರಿದ್ದಾರೆ. ಇದೆ. 2014ರಲ್ಲಿ ಶುರುವಾದ ಆ ಲೀಗಿನಲ್ಲಿ ಈಗ ಹನ್ನೆರಡು ತಂಡ. ನಮ್ಮ ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಎಂಟನೇ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ನಾಯಕರಾಗಿ ಫೈನಲಿನ ತನಕ ಹೋದರು, ಒಂದೇ ಅಂಕದಲ್ಲಿ ಸೋತರು. ಆ ರಾತ್ರಿ ಇಲ್ಲಿ ಎಷ್ಟು ಮನೆಗಳಲ್ಲಿ ಟಿ.ವಿ. ಎದುರು ಅನ್ನ ಆರಿರಬಹುದು! ಆದರೆ ಅದೇ ಲೀಗಿನ ಇನ್ನೊಂದು ಕಥೆ ನೋಡಿ. ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ ಪವನ್ ಸೆಹ್ರಾವತ್ ಅವರನ್ನು 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿ ಹೊರಗೆ ಕೂತರು. ಮರುವರ್ಷ ತೆಲುಗು ಟೈಟನ್ಸ್ ಅವರಿಗೆ ಕೊಟ್ಟದ್ದು 2.6 ಕೋಟಿಗೂ ಹೆಚ್ಚು. ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ನಾಯಕರಾಗಿ ಚಿನ್ನ ಗೆದ್ದರು. ಅಂಥ ಮೊಣಕಾಲು ಗುಣವಾಗುವ ತನಕ ಕಾಯುವವರಿರುತ್ತಾರೆ. ಡಿಗ್ರಿ ಎರಡನೇ ವರ್ಷದ ಕಾರ್ನರ್‌ನ ಮೊಣಕಾಲಿಗೆ ಯಾರು ಕಾಯುತ್ತಾರೆ?

ಹುಡುಗಿಯರಿಗೆ ಆ ಕನಸೂ ಇಲ್ಲ. 2016ರಲ್ಲಿ ಮೂರು ತಂಡಗಳ ಮಹಿಳಾ ಚಾಲೆಂಜ್ ಒಮ್ಮೆ ನಡೆದು ನಿಂತಿತು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಎರಡು ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿಯವರೆಗೆ ಹೋದದ್ದು ಲೀಗಿನಿಂದಲ್ಲ. ಅವರ ಬದುಕಿಗೆ ಆಧಾರವಾದದ್ದು ರೈಲ್ವೆಯ ನೌಕರಿ.

ನೌಕರಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಇದನ್ನು ಯಾವ ಕೋಚೂ ಫೋನಿನಲ್ಲಿ ಹೇಳುವುದಿಲ್ಲ. ಕೇಂದ್ರ ಸರಕಾರದ ಕ್ರೀಡಾ ಕೋಟಾಕ್ಕೆ ಪ್ರಮಾಣಪತ್ರದ ನಮೂನೆಗಳಿವೆ. ದೇಶಕ್ಕೆ ಆಡಿದರೆ ನಮೂನೆ 1, ರಾಜ್ಯಕ್ಕೆ ರಾಷ್ಟ್ರಮಟ್ಟದಲ್ಲಿ ಆಡಿದರೆ 2, ವಿಶ್ವವಿದ್ಯಾನಿಲಯಕ್ಕೆ ಅಂತರ್ ವಿಶ್ವವಿದ್ಯಾನಿಲಯ ಪಂದ್ಯಾಟದಲ್ಲಿ ಆಡಿದರೆ 3, ಶಾಲೆಗಳ ರಾಷ್ಟ್ರೀಯ ಕೂಟಕ್ಕೆ 4. ಅಂತರ್ ಕಾಲೇಜು ಚಾಂಪಿಯನ್ ಆದವನಿಗೆ ಇಲ್ಲಿ ಯಾವ ನಮೂನೆಯೂ ಇಲ್ಲ. ಕಾಲೇಜಿನ ಕಪಾಟಿಗೆ ಟ್ರೋಫಿ ಬರುತ್ತದೆ, ಹುಡುಗನ ಫೈಲಿಗೆ ಏನೂ ಬರುವುದಿಲ್ಲ. ವಿಶ್ವವಿದ್ಯಾನಿಲಯದ ತಂಡದಲ್ಲಿ ಹನ್ನೆರಡೇ ಜಾಗ. ಅಷ್ಟೂ ಕಾಲೇಜುಗಳು ‘ದತ್ತು’ ತೆಗೆದುಕೊಂಡ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹನ್ನೆರಡು ಎಣಿಸಿ, ಉಳಿದವರನ್ನು ನೋಡಿ. ನಾನು ಮಾತಾಡುತ್ತಿರುವುದು ಆ ಉಳಿದವರ ಬಗ್ಗೆ. ಅವರಿಗೆ ಪದವಿಯೊಂದೇ ಗಳಿಕೆ, ಆ ಪದವಿಯನ್ನೇ ಮೊಣಕಾಲಿಗೆ ಕಟ್ಟಿ ಹಾಕಿದ್ದೇವೆ.

ಬೆಳ್ಳಾರೆಗೆ ತಾಗಿಕೊಂಡ ಪೆರುವಾಜೆಯಲ್ಲಿ ಶಿವರಾಮ ಕಾರಂತರ ಹೆಸರಿನ ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಸರಕಾರಿ ಕಾಲೇಜುಗಳಿಗೆ ಫೋನ್ ಮಾಡಿ ಆಟಗಾರನನ್ನು ಕರೆಸುವ ಶಕ್ತಿ ಇಲ್ಲ, ಮೂರು ಹೊತ್ತು ಮೊಟ್ಟೆ ಮಾಂಸ ಹಾಕುವ ಮೆಸ್ ಇಲ್ಲ. ಆದರೆ ಅಲ್ಲಿ ಸೇರಿದ ಹುಡುಗ ಆಡಿದರೂ ವಿದ್ಯಾರ್ಥಿ, ಆಡದಿದ್ದರೂ ವಿದ್ಯಾರ್ಥಿ. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಹೋದರೆ ಹಾಜರಿ ಹಾಕಿ ಕೂರಿಸುತ್ತಾರೆ. ದತ್ತು ಎಂಬ ಪದಕ್ಕೆ ಯಾವುದಾದರೂ ಹತ್ತಿರ ಇದ್ದರೆ ಅದು ಈ ಏರ್ಪಾಡು. ವಿಚಿತ್ರವೆಂದರೆ ಅಲ್ಲಿ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ.

ಕಾಗದ ಕೇಳಿದರೆ ಕಾಲೇಜುಗಳು ಇಡೀ ಯೋಜನೆಯನ್ನೇ ನಿಲ್ಲಿಸಿಯಾವು, ಇದ್ದ ಅನ್ನಕ್ಕೂ ಕಲ್ಲು ಬಿದ್ದೀತು ಎಂದು ಒಬ್ಬ ಹಿರಿಯ ಪಿ.ಟಿ. ಮಾಸ್ಟ್ರು ನನಗೆ ಹೇಳಿದರು. ಅವರ ಕಾಳಜಿ ನಿಜವಾದದ್ದು. ಆದರೆ ಪ್ರವೇಶಾತಿಯ ಬ್ಯಾನರಿನಲ್ಲಿ ಟ್ರೋಫಿ ಇಲ್ಲದೆ ಈ ಕಾಲೇಜುಗಳಿಗೆ ನಡೆಯುವುದಿಲ್ಲ, ಅದು ಅವರಿಗೂ ಗೊತ್ತು ನಮಗೂ ಗೊತ್ತು. ನಾನು ಸಂಶೋಧನೆ ಮಾಡುತ್ತಿರುವುದು ಫೆಲೋಶಿಪ್ಪಿನಲ್ಲಿ. ಅದಕ್ಕೊಂದು ಆದೇಶಪತ್ರವಿದೆ: ಎಷ್ಟು ವರ್ಷ, ತಿಂಗಳಿಗೆ ಎಷ್ಟು, ಯಾವಾಗ ನಿಲ್ಲಿಸಬಹುದು. ಹಣ ತಡವಾದಾಗ ಆ ಹಾಳೆ ಹಿಡಿದು ಜಗಳಾಡುತ್ತೇನೆ. ಕುರ್ಚಿಯಲ್ಲಿ ಕೂತು ಓದುವವಳಿಗೆ ಇರುವ ಹಾಳೆ, ಮೈ ಒಡ್ಡಿ ಆಡುವವನಿಗೆ ಯಾಕಿಲ್ಲ?

ನನ್ನ ಬೇಡಿಕೆ ದೊಡ್ಡದೇನಲ್ಲ. ಗಾಯವಾದರೂ ಆಟ ಬಿಟ್ಟರೂ ಪದವಿ ಮುಗಿಯುವ ತನಕ ಸೀಟು ಮತ್ತು ಹಾಸ್ಟೆಲ್ ಇರುತ್ತದೆ ಎಂಬ ಒಂದು ಸಾಲು. ಕಾಲೇಜಿಗಾಗಿ ಆಡುವಾಗ, ಅಭ್ಯಾಸ ಮಾಡುವಾಗ ಆದ ಗಾಯದ ಚಿಕಿತ್ಸೆ, ಅದರ ನಂತರದ ಫಿಸಿಯೋಥೆರಪಿ ಕಾಲೇಜಿನದು ಎಂಬ ಇನ್ನೊಂದು ಸಾಲು. ಪಂದ್ಯಾಟದ ದಿನ ತಪ್ಪಿದ ಆಂತರಿಕ ಪರೀಕ್ಷೆಯನ್ನು ಮತ್ತೆ ಬರೆಸುತ್ತೇವೆ ಎಂಬುದು ಮೂರನೆಯದು. ಅಂತರ್ ಕಾಲೇಜು ಪಂದ್ಯಾಟಕ್ಕೆ ಹೋಗುವ ಪ್ರತಿ ಆಟಗಾರನ ಅರ್ಹತಾ ಪತ್ರಕ್ಕೆ ಪ್ರಾಂಶುಪಾಲರು ಈಗಲೂ ರುಜು ಹಾಕುತ್ತಾರೆ, ಫೋಟೊದ ಮೇಲೆ ಮೊಹರು ಒತ್ತುತ್ತಾರೆ. ಆ ಪತ್ರದ ಹಿಂದೆ ಈ ಹಾಳೆಯನ್ನೂ ಪಿನ್ನು ಮಾಡಿ ತನ್ನಿ, ಇಲ್ಲದಿದ್ದರೆ ತಂಡವನ್ನು ಅಂಕಣಕ್ಕೆ ಇಳಿಸುವುದಿಲ್ಲ ಎಂದು ಮಂಗಳೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಹೊಸ ಕಾನೂನು ಬೇಡ, ಸಮಿತಿ ಬೇಡ.

ಅಲ್ಲಿಯ ತನಕ ನಮ್ಮ ಮನೆಗಳವರು ಮಾಡಬಹುದಾದದ್ದೊಂದಿದೆ. ಮುಂದಿನ ಸಲ ಫೋನ್ ಬಂದಾಗ, ಫ್ರೀ ಫ್ರೀ ಎಂದು ಅವರು ಹೇಳಿ ಮುಗಿಸಿದ ಮೇಲೆ, ಅಪ್ಪನೋ ಅಮ್ಮನೋ ಫೋನ್ ತೆಗೆದುಕೊಂಡು ಕೇಳಲಿ: “ಸರ್, ಕಳೆದ ಮೂರು ವರ್ಷದಲ್ಲಿ ನಿಮ್ಮ ತಂಡದಲ್ಲಿ ಕಾಲು ಪೆಟ್ಟಾದ ಮಕ್ಕಳು ಯಾರು, ಅವರು ಈಗ ಎಲ್ಲಿದ್ದಾರೆ? ಒಬ್ಬರ ನಂಬರ್ ಕೊಡಿ, ನಾವು ಮಾತಾಡುತ್ತೇವೆ.”